ಗುಹೆ ಅದೇ, ಆಟ ಬೇರೆ

ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್ಲು, ಬಗೆಬಗೆಯ ದಾಳಗಳನ್ನು ಮುಂದಿಟ್ಟುಕೊಂಡು, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತಾ ಆಡುವ ಆಟಗಳಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಒಬ್ಬರು ಗೇಮ್ ಮಾಸ್ಟರ್ ಆಗಿ ಆ ಲೋಕವನ್ನೂ ಅದರೊಳಗಿನ ಶತ್ರುಗಳನ್ನೂ ನಡೆಸುತ್ತಾರೆ. ಉಳಿದವರು ಯೋಧ, ಮಂತ್ರವಾದಿ, ಕಳ್ಳ, ಪೂಜಾರಿ ಹೀಗೆ ಒಂದೊಂದು ಪಾತ್ರ ವಹಿಸಿ, ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾ ಹೋಗುತ್ತಾರೆ. ಆ ಕೆಲಸ ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಈ ಪರಂಪರೆಯ ಮೊದಲ ಪ್ರಕಟಿತ ಆಟ. ಅದರ ಹೆಸರಿನಲ್ಲೇ ಇರುವ ಡಂಜನ್ ಎಂದರೆ ನೆಲದಡಿಯ ಗುಹೆ, ಗೋರಿ, ಹಾಳುಬಿದ್ದ ಕೋಟೆಯ ನೆಲಮಾಳಿಗೆ. ಕೋಣೆಯಿಂದ ಕೋಣೆಗೆ ನುಸುಳುತ್ತಾ, ಬಲೆಗಳನ್ನು ತಪ್ಪಿಸಿಕೊಳ್ಳುತ್ತಾ, ದೈತ್ಯರನ್ನು ಎದುರಿಸುತ್ತಲೋ ವಂಚಿಸುತ್ತಲೋ ನಿಧಿ ಹೊತ್ತು ಜೀವಸಹಿತ ಹೊರಬರುವ ಸಾಹಸಕ್ಕೆ 'ಡಂಜನ್ ಕ್ರಾಲ್' ಎನ್ನುತ್ತಾರೆ. ಈ ಆಟಗಳ ಅತಿ ಹಳೆಯ ರೂಪವೂ ಇಂದಿಗೂ ಅತಿ ಜನಪ್ರಿಯ ರೂಪವೂ ಅದೇ.

ಇಲ್ಲಿ ಎರಡು ಬಗೆಯ ಪುಸ್ತಕಗಳಿವೆ. ಪಾತ್ರಗಳನ್ನು ಹೇಗೆ ರಚಿಸಬೇಕು, ಕತ್ತಿ ಬೀಸಿದರೆ ಯಾವ ದಾಳ ಹಾಕಬೇಕು, ಗಾಯವಾದರೆ ಏನಾಗುತ್ತದೆ ಎಂದು ತಿಳಿಸುವುದು ನಿಯಮಗಳ ಪುಸ್ತಕ. ಒಂದು ನಿರ್ದಿಷ್ಟ ಗುಹೆಯ ನಕ್ಷೆ, ಕೋಣೆಕೋಣೆಯಲ್ಲಿ ಯಾರಿದ್ದಾರೆ, ಏನಿದೆ ಎಂಬ ವಿವರ ಕೊಡುವುದು ಸಾಹಸದ ಪುಸ್ತಕ. ಮೊದಮೊದಲು ನಿಯಮಪುಸ್ತಕಗಳು ಬೆರಳೆಣಿಕೆಯಷ್ಟಿದ್ದವು. 2000ನೇ ಇಸವಿಯಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನ ಮೂಲ ನಿಯಮಗಳನ್ನು ಇತರರೂ ಬಳಸಲು ಬಿಡುವ ಮುಕ್ತ ಪರವಾನಗಿ ಬಂದಮೇಲೆ ಅವು ಹತ್ತಾರು ಕವಲಾಗಿ ಬೆಳೆದವು. 2009ರ 'ಪಾತ್‌ಫೈಂಡರ್' ಆ ಕವಲುಗಳಲ್ಲೊಂದು. 2012ರ 'ಡಂಜನ್ ವರ್ಲ್ಡ್' ಬೇರೆಯೇ ತತ್ತ್ವದ ಮೇಲೆ ನಿಂತದ್ದು. 2023ರ 'ಶ್ಯಾಡೋಡಾರ್ಕ್' ಹಳೆಯ ಕಾಲದ ಭಯವನ್ನು ಹೊಸ ನಿಯಮಗಳಲ್ಲಿ ಮರಳಿ ತರಲು ಹೊರಟದ್ದು. ಹೀಗಾಗಿ ಒಂದು ವ್ಯವಸ್ಥೆಗೆಂದು ಬರೆದ ಸಾಹಸವನ್ನು ಇನ್ನೊಂದು ವ್ಯವಸ್ಥೆಯಲ್ಲಿ ಆಡಿಸುವ ಪ್ರಶ್ನೆ ಪ್ರತಿ ಗೇಮ್ ಮಾಸ್ಟರ್‌ಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಯಕ್ಷಗಾನ ಬಲ್ಲವರಿಗೆ ಇದು ಹೊಸ ಮಾತೇನಲ್ಲ. ಒಂದೇ ಪ್ರಸಂಗವನ್ನು ತೆಂಕುತಿಟ್ಟಿನವರೂ ಬಡಗುತಿಟ್ಟಿನವರೂ ಆಡುತ್ತಾರೆ. ವೇಷ, ಕುಣಿತ, ಚೆಂಡೆಯ ನಡೆ ಎಲ್ಲ ಬೇರೆಯಾದರೂ ಪ್ರಸಂಗದ ಜೀವ ಉಳಿಯಬೇಕೆಂಬ ನಿರೀಕ್ಷೆ ಎರಡೂ ಕಡೆ ಇರುತ್ತದೆ. ಆಟದ ಸಾಹಸದಲ್ಲಿ ಆ ಜೀವ ಎಲ್ಲಿರುತ್ತದೆ ಎಂಬುದೇ ಪ್ರಶ್ನೆ. ಶತ್ರುವಿನ ಬಲಾಬಲದ ಅಂಕಿಗಳಲ್ಲಿ ಎಂದು ಭಾವಿಸಿ, ಹಳೆಯ ಅಂಕಿಗಳನ್ನು ತೆಗೆದು ಹೊಸವನ್ನು ಕೂರಿಸುವುದೇ ರೂಪಾಂತರ ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ವಾದ ಬೇರೆ. ಆ ಕೋಣೆಯಲ್ಲಿ ಆಟಗಾರರು ಯಾವ ಇಕ್ಕಟ್ಟಿಗೆ ಸಿಕ್ಕಿಬಿದ್ದು ಯಾವ ತೀರ್ಮಾನ ಮಾಡಬೇಕಾಗುತ್ತದೋ ಅದೇ ಸಾಹಸದ ಜೀವ. ಆ ಇಕ್ಕಟ್ಟನ್ನು ಹೊಸ ನಿಯಮಗಳ ಬೆಲೆಪಟ್ಟಿಯಲ್ಲಿ ಮತ್ತೆ ಕಟ್ಟಿಕೊಡುವುದೇ ರೂಪಾಂತರ.

ಇದನ್ನು ಒಂದು ನಿಜವಾದ ಸಾಹಸದ ಒಂದು ಮೂಲೆಯನ್ನು ಹತ್ತಿರದಿಂದ ನೋಡಿ ಪರೀಕ್ಷಿಸಬಹುದು. ಗೈಗ್ಯಾಕ್ಸ್ ಬರೆದು 1979ರಲ್ಲಿ ಬಂದ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನ ಹೊಸಬರ ಪೆಟ್ಟಿಗೆಯೊಳಗೇ ಸೇರಿ ಮಾರಾಟವಾದ ಕಾರಣ ಒಂದು ಇಡೀ ಪೀಳಿಗೆ ಕಲಿತದ್ದೇ ಅದರಿಂದ. ನಾಡಗಡಿಯಲ್ಲಿ ಒಂದು ಕೋಟೆ. ಅದರಾಚೆಯ ಕಾಡಿನ ಕಣಿವೆಯಲ್ಲಿ ಎ ಇಂದ ಕೆ ವರೆಗೆ ಅಕ್ಷರ ಹಾಕಿದ ಹನ್ನೊಂದು ಗುಹೆಗಳು. ಅಲ್ಲಿ ಕೋಬೋಲ್ಡ್, ಓರ್ಕ್, ಗಾಬ್ಲಿನ್, ನೋಲ್ ಮೊದಲಾದ ಜನಾಂಗಗಳು ಒಬ್ಬರನ್ನೊಬ್ಬರು ಸಹಿಸದೆ ಅಕ್ಕಪಕ್ಕ ಬದುಕುತ್ತವೆ. ಗಾಬ್ಲಿನ್‌ಗಳ ಕಾವಲು ಕೋಣೆಯ ಗೋಡೆಯಲ್ಲಿ ಒಂದು ಗುಟ್ಟಿನ ಬಾಗಿಲು. ಅದರಾಚೆ ಓಗರ್ ಎಂಬ ಒಬ್ಬಂಟಿ ದೈತ್ಯನ ಗುಹೆ. ಹೊರಗಿನವರು ನುಗ್ಗಿದರೆ ಗಾಬ್ಲಿನ್‌ಗಳು 250 ಚಿನ್ನದ ನಾಣ್ಯಗಳ ಚೀಲವನ್ನು ಆ ಬಾಗಿಲಿನಿಂದ ಎಸೆಯುತ್ತವೆ. ಅದು ಕೂಲಿ. ಓಗರ್ ಅದನ್ನೆತ್ತಿಕೊಂಡು ಗಾಬ್ಲಿನ್‌ಗಳ ಪರವಾಗಿ ಕಾಳಗಕ್ಕಿಳಿಯುತ್ತಾನೆ. ಆದರೆ ಅವನು ಯಾರ ನಂಟನೂ ಅಲ್ಲ. ಅದಕ್ಕಿಂತ ಹೆಚ್ಚು ಹಣವನ್ನು ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ಯಾರಾದರೂ ಮುಂದಿಟ್ಟರೆ ಅವನು ಅವರು ಹೇಳಿದಂತೆ ಕೇಳುವ ಸಾಧ್ಯತೆ ಶೇಕಡ 90 ಎಂದು ಪುಸ್ತಕ ತಿಳಿಸುತ್ತದೆ. ಒಂದು ಚೀಲ, ಒಂದು ಬಾಗಿಲು, ಒಬ್ಬ ಕೂಲಿಯಾಳು: ಇಷ್ಟರಲ್ಲೇ ಹೋರಾಡುವುದೇ, ಓಡುವುದೇ, ಕೊಂಡುಕೊಳ್ಳುವುದೇ ಎಂಬ ಮೂರು ದಾರಿಗಳು ಒಟ್ಟಿಗೇ ತೆರೆದುಕೊಳ್ಳುತ್ತವೆ.

ಈ ದೃಶ್ಯಕ್ಕೆ ತೂಕ ಬಂದದ್ದು ಆ ಕಾಲದ ಲೆಕ್ಕಾಚಾರದಿಂದ. ಅದೇ ಆಟದ 1981ರ ಬೇಸಿಕ್ ನಿಯಮಗಳಂತೆ, ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವಾಂಕ. ಒಂದು ಗಾಬ್ಲಿನ್ ಕೊಂದರೆ ಸಿಗುವುದು ಐದೇ ಅಂಕ. ಯೋಧನೊಬ್ಬ ಎರಡನೇ ಹಂತಕ್ಕೇರಲು 2000 ಅಂಕ ಬೇಕು. ಅಂದರೆ ಬರಿಯ ಕೊಲೆಯಿಂದಲೇ ಮೇಲೇರುವೆನೆಂದು ಹೊರಟವನು 400 ಗಾಬ್ಲಿನ್‌ಗಳನ್ನು ಒಬ್ಬನೇ ಮುಗಿಸಬೇಕು. ಅದೇ ಓಗರನ ಕೈಲಿರುವ ಚೀಲವೊಂದೇ 50 ಗಾಬ್ಲಿನ್‌ಗಳಿಗೆ ಸಮ. ಜತೆಗೆ, ಪಾತ್ರದ ಜೀವಾಂಕ ಸೊನ್ನೆಗಿಳಿದರೆ ಸಾವು ಖಚಿತ. ಹೊಸ ಮಂತ್ರವಾದಿಯ ಜೀವಾಂಕ ಸಾಮಾನ್ಯವಾಗಿ ನಾಲ್ಕೈದನ್ನು ಮೀರುವುದಿಲ್ಲ. ಇಂಥಲ್ಲಿ ಕಾಳಗ ಎಂದರೆ ಕಡಿಮೆ ಲಾಭಕ್ಕೆ ದೊಡ್ಡ ಅಪಾಯ, ಹಣ ಎಂದರೆ ನೇರ ಪ್ರಗತಿ. ಓಗರನಿಗೆ ಕೊಡುವ ಲಂಚ ತಮ್ಮ ಏಳಿಗೆಯನ್ನೇ ತುಸು ಕಡಿದುಕೊಡುವ ತ್ಯಾಗ. ಅವನನ್ನು ಮಾತಿನಲ್ಲಿ ಗೆದ್ದು ಗಾಬ್ಲಿನ್‌ಗಳ ಮೇಲೆ ತಿರುಗಿಸಿದರೆ ಅದು ಬಲವಾದ ಜಾಣತನ. ಎದುರಾದ ಪ್ರಾಣಿಯ ಮನಸ್ಥಿತಿ ಹೇಗಿದೆ ಎಂದು ತಿಳಿಯಲು ಎರಡು ದಾಳ ಹಾಕುವ ನಿಯಮ, ಪಡೆಯಲ್ಲಿ ಸಾವಾದಾಗ ಶತ್ರುಗಳ ಧೈರ್ಯ ಉಳಿಯಿತೋ ಎಂದು ಪರೀಕ್ಷಿಸುವ ನಿಯಮ, ಇವೂ ಆಟಗಾರರನ್ನು ಅದೇ ದಿಕ್ಕಿಗೆ ತಳ್ಳುತ್ತಿದ್ದವು. ಪುಸ್ತಕ ನೈತಿಕ ಪಾಠವನ್ನೇನೂ ಹೇಳದೆ ಬರೀ ಬೆಲೆ ಕಟ್ಟುವುದರಿಂದಲೇ ಇಂಥ ನಡವಳಿಕೆಯನ್ನು ಹುಟ್ಟಿಸಿತ್ತು.

ಈಗ ಅದೇ ಕೋಣೆಯನ್ನು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನ 2014ರ ಐದನೇ ಆವೃತ್ತಿಗೆ ಬರೀ ಅಂಕಿ ಬದಲಿಸಿ ತರೋಣ. ಹೊಸ ಪುಸ್ತಕದ ಗಾಬ್ಲಿನ್, ಹೊಸ ಪುಸ್ತಕದ ಓಗರ್, ಅದೇ 250 ನಾಣ್ಯ. ಹೆಸರುಗಳೆಲ್ಲ ಸರಿಯಾಗಿವೆ, ಆದರೆ ಕೋಣೆ ಸತ್ತಿದೆ. ಇಲ್ಲಿ ಒಂದು ಗಾಬ್ಲಿನ್‌ಗೆ 50 ಅನುಭವಾಂಕ. ಎರಡನೇ ಹಂತಕ್ಕೆ 300 ಸಾಕು. ತಲೆಗೆ 400 ಇದ್ದ ಗಾಬ್ಲಿನ್ ಲೆಕ್ಕ ಆರಕ್ಕಿಳಿಯಿತು. ಹಣಕ್ಕೆ ಅನುಭವಾಂಕವೇ ಇಲ್ಲ. ಚೀಲದ ಬೆಲೆ ಅಂಗಡಿಯ ಸಾಮಾನಿನಷ್ಟೇ ಆಯಿತು. ಕೊಂದರೆ ಲಾಭ, ಕೊಂಡರೆ ನಷ್ಟ ಎಂಬ ಲೆಕ್ಕ ಬಂದಮೇಲೆ ಆಟಗಾರರು ಕತ್ತಿ ಹಿಡಿಯುವುದು ಅವರ ದಡ್ಡತನವಲ್ಲ, ನಿಯಮಗಳು ಕಲಿಸಿದ ವಿವೇಕ. ಇನ್ನೊಂದು ತೊಡಕೂ ಇದೆ. ಈ ಆವೃತ್ತಿಯ ಓಗರನಿಗೆ ಸರಾಸರಿ 59 ಜೀವಾಂಕ, ಒಂದು ಹೊಡೆತಕ್ಕೆ ಸರಾಸರಿ 13ರ ಪೆಟ್ಟು, ಅವನ ಮೌಲ್ಯ 450 ಅಂಕ. ಮೊದಲ ಹಂತದ ನಾಲ್ವರಿಗೆ 400 ಅಂಕದ ಕಾಳಗವೇ ಮಾರಕ ಎಂದು ಅದೇ ನಿಯಮಗಳು ಎಚ್ಚರಿಸುತ್ತವೆ. ಹಳೆಯ ಪುಸ್ತಕ ಆರರಿಂದ ಒಂಬತ್ತು ಪಾತ್ರಗಳನ್ನು ಎಣಿಸಿ ಬರೆದದ್ದು. ಕಡಿಮೆ ಬಿದ್ದರೆ ಕೋಟೆಯಿಂದ ಕೂಲಿ ಸೈನಿಕರನ್ನು ಕರೆದೊಯ್ಯಿರಿ ಎನ್ನುವ ಕಾಲದ್ದು. ಇಂದಿನ ನಾಲ್ವರ ಗುಂಪಿಗೆ ಅದೇ ಸಂಖ್ಯೆಯ ಶತ್ರುಗಳನ್ನು ಕೂರಿಸಿ, ಅವರನ್ನು ಕಾಳಗಕ್ಕೆ ಪ್ರೋತ್ಸಾಹಿಸುವ ಅಂಕಗಳನ್ನೂ ಇಟ್ಟರೆ, ಆ ಕೋಣೆ ಅನ್ಯಾಯವಾಗಿ ಕೊಲ್ಲುವ ಬಲೆಯಾಗುತ್ತದೆ.

ಹಾಗಾದರೆ ಜೀವ ಉಳಿಸಿ ತರುವುದು ಹೇಗೆ? ಮೊದಲು ಆ ವ್ಯವಸ್ಥೆ ಯಾವುದಕ್ಕೆ ಬಹುಮಾನ ಕೊಡುತ್ತದೆ, ಯಾವುದಕ್ಕೆ ದಂಡ ಹಾಕುತ್ತದೆ ಎಂದು ಹುಡುಕಬೇಕು. ಆಮೇಲೆ ಇಕ್ಕಟ್ಟನ್ನು ಆ ನಾಣ್ಯದಲ್ಲಿ ಬರೆಯಬೇಕು. ಐದನೇ ಆವೃತ್ತಿಯಲ್ಲಿ, ಓಗರನನ್ನು ಹೇಗೆ ನಿಭಾಯಿಸಿದರೂ, ಕೊಂದರೂ ಕೊಂಡರೂ ವಂಚಿಸಿದರೂ, ಅಷ್ಟೇ 450 ಅಂಕ ಎಂದು ಮೊದಲೇ ಸಾರಿದರೆ ಮೂರು ದಾರಿಗಳು ಮತ್ತೆ ಸಮನಾಗುತ್ತವೆ. 'ಪಾತ್‌ಫೈಂಡರ್'ನ ಎರಡನೇ ಆವೃತ್ತಿಯಲ್ಲಿ ತೊಡಕು ತಿರುವುಮುರುವಾಗಿದೆ. ಅಲ್ಲಿ ಪಾತ್ರಗಳ ಆಯುಧ, ಕವಚಗಳ ಬಲ ಹಂತಕ್ಕೆ ತಕ್ಕಂತೆ ಏರುವುದರಿಂದ ಪ್ರತಿ ಹಂತಕ್ಕೆ ಇಷ್ಟೇ ನಿಧಿ ಎಂಬ ಕೋಷ್ಟಕವಿದೆ. ನಾಲ್ವರ ಗುಂಪಿಗೆ ಮೊದಲ ಹಂತ ಪೂರ್ತಿ ಸೇರಿ 175 ಚಿನ್ನದ ನಾಣ್ಯದ ಮೌಲ್ಯ. ಒಂದೇ ಚೀಲದಲ್ಲಿ 250 ಇಟ್ಟರೆ ಮುಂದಿನ ಕಾಳಗಗಳ ಸಮತೋಲವೇ ಕೆಡುತ್ತದೆ. ಅಲ್ಲಿ ಚೀಲವನ್ನು ಇಪ್ಪತ್ತು ಮೂವತ್ತು ನಾಣ್ಯಕ್ಕಿಳಿಸಬೇಕು. ಓಗರನನ್ನು ಮಾತಿನಿಂದ ಗೆದ್ದದ್ದಕ್ಕೆ ಆ ವ್ಯವಸ್ಥೆಯಲ್ಲೇ ಇರುವ ಸಾಧನೆಯ ಅಂಕಗಳನ್ನು ಕೊಡಬೇಕು. 1978ರಲ್ಲಿ ಬಂದ 'ರೂನ್‌ಕ್ವೆಸ್ಟ್'ನಲ್ಲಿ ಹಂತಗಳೇ ಇಲ್ಲ. ಬಳಸಿದ ಕೌಶಲ ಬೆಳೆಯುತ್ತದೆ, ಹಣ ಕೊಟ್ಟರೆ ಗುರುಗಳ ಬಳಿ ಕಲಿಯಬಹುದು. ಅಲ್ಲಿ ಲಂಚ ಕೊಡುವವನು ತನ್ನ ಕಲಿಕೆಯನ್ನೇ ಕೊಡುತ್ತಿರುತ್ತಾನೆ, ಆದ್ದರಿಂದ ಹಳೆಯ ತ್ಯಾಗ ಬಹುಮಟ್ಟಿಗೆ ತಾನಾಗಿಯೇ ಉಳಿಯುತ್ತದೆ. 'ಡಂಜನ್ ವರ್ಲ್ಡ್'ನಲ್ಲಿ ಗೇಮ್ ಮಾಸ್ಟರ್ ಶತ್ರುಗಳ ಹೊಡೆತಕ್ಕೆಂದು ದಾಳ ಉರುಳಿಸುವುದಿಲ್ಲ. ಆಟಗಾರರು ಎರಡು ದಾಳ ಹಾಕುತ್ತಾರೆ: ಹತ್ತು ಅಥವಾ ಹೆಚ್ಚು ಬಂದರೆ ಗೆಲುವು, ಏಳರಿಂದ ಒಂಬತ್ತಕ್ಕೆ ಬೆಲೆ ತೆತ್ತ ಗೆಲುವು, ಆರು ಅಥವಾ ಕಡಿಮೆ ಬಂದರೆ ಗೇಮ್ ಮಾಸ್ಟರ್ ಕೈ ಮೇಲು. ಅಲ್ಲಿ ಚೀಲ ಎಸೆಯುವ ಹೊತ್ತನ್ನು ಮೊದಲೇ ಗೊತ್ತುಮಾಡಿಡಬೇಕಿಲ್ಲ. ಯಾರಾದರೂ ಆರೋ ಐದೋ ಹಾಕಿದ ಗಳಿಗೆಯಲ್ಲಿ ಗುಟ್ಟಿನ ಬಾಗಿಲು ತೆರೆದು ನಾಣ್ಯಗಳ ಸದ್ದು ಕೇಳಿಸಿದರೆ ಸಾಕು. ನಾಲ್ಕು ವ್ಯವಸ್ಥೆಗಳಿಗೆ ನಾಲ್ಕು ಬಗೆಯ ಕೆಲಸ. ಆದರೆ ನಾಲ್ಕರಲ್ಲೂ ಆಟಗಾರರ ಮುಂದೆ ನಿಲ್ಲುವುದು ಅದೇ ಓಗರ್, ಅದೇ ಆಯ್ಕೆ.

ಹಣದಂತೆಯೇ ಬೆಳಕೂ ಕಾಲವೂ ಡಂಜನ್ನಿನ ಬಂಡವಾಳ. 1981ರ ನಿಯಮಗಳಲ್ಲಿ ಗುಹೆಯೊಳಗಿನ ಕಾಲವನ್ನು ಹತ್ತು ಹತ್ತು ನಿಮಿಷದ ಸರದಿಗಳಾಗಿ ಎಣಿಸುತ್ತಿದ್ದರು. ಒಂದು ಪಂಜು ಆರು ಸರದಿ ಉರಿಯುತ್ತದೆ. ಎರಡು ಸರದಿಗೊಮ್ಮೆ ದಾಳ ಹಾಕಿ, ಆರರಲ್ಲಿ ಒಂದು ಬಂದರೆ ಅಲೆಮಾರಿ ಪ್ರಾಣಿ ಎದುರಾಗುತ್ತದೆ. ಹಾಗಾಗಿ ಗೋಡೆಯನ್ನು ಇನ್ನೊಮ್ಮೆ ತಡಕೋಣವೇ ಎಂಬ ಸಣ್ಣ ಪ್ರಶ್ನೆಗೂ ಬೆಲೆ ಇತ್ತು. ಐದನೇ ಆವೃತ್ತಿಯಲ್ಲಿ ಕುಳ್ಳರು, ಎಲ್ಫ್‌ಗಳು ಮೊದಲಾದ ಹಲವು ಕುಲಗಳಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ. ಬೆಳಕಿನ ಮಂತ್ರವನ್ನು ಎಷ್ಟು ಸಲವಾದರೂ ಖರ್ಚಿಲ್ಲದೆ ಹಾಕಬಹುದು. ಅಲ್ಲಿ ಪಂಜುಗಳ ಪಟ್ಟಿಯನ್ನು ಎಷ್ಟು ನಿಷ್ಠೆಯಿಂದ ನಕಲಿಸಿದರೂ ಯಾರಿಗೂ ಭಯವಾಗದು. ಕೆಲ್ಸಿ ಡಿಯೋನ್ ಅವರ 'ಶ್ಯಾಡೋಡಾರ್ಕ್' ಇದೇ ನಷ್ಟವನ್ನು ಗುರುತಿಸಿ ಬೇರೆ ದಾರಿ ಹಿಡಿಯಿತು. ಅದರಲ್ಲಿ ಆಟಗಾರರ ಪಾತ್ರಗಳಿಗೆ ಕತ್ತಲ ದೃಷ್ಟಿ ಇಲ್ಲ; ಒಂದು ಪಂಜು ಉರಿಯುವುದು ಆಟಗಾರರ ಗಡಿಯಾರದ ನಿಜವಾದ ಒಂದು ಗಂಟೆ. ಸರದಿ ಎಣಿಸುವ ಹಳೆಯ ಲೆಕ್ಕಪತ್ರವನ್ನು ಅದು ಕೈಬಿಟ್ಟಿತು, ಆ ಲೆಕ್ಕಪತ್ರ ಹುಟ್ಟಿಸುತ್ತಿದ್ದ ಆತಂಕವನ್ನು ಮಾತ್ರ ಉಳಿಸಿಕೊಂಡಿತು. ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಐದನೇ ಆವೃತ್ತಿಗೆ ಗುಹೆಯನ್ನು ತರುವವರು ಬೆಳಕಿನ ಒತ್ತಡವನ್ನು ಬೇರೆ ಕಡೆ ಹುಡುಕಬೇಕು: ತಡಮಾಡಿದಷ್ಟೂ ಪಕ್ಕದ ಗುಹೆಯವರು ಎಚ್ಚೆತ್ತು ಕಾವಲು ಹೆಚ್ಚಿಸುವುದು, ಸೆರೆಯಾಳುಗಳ ಗಡುವು ಮುಗಿಯುತ್ತಾ ಬರುವುದು, ಹೊರಗೆ ಹೋಗಿ ವಿಶ್ರಾಂತಿ ಪಡೆದು ಬಂದರೆ ನಿಧಿ ಬೇರೆಡೆಗೆ ಸಾಗಿರುವುದು.

ಯಾರ ಬುದ್ಧಿ ಪರೀಕ್ಷೆಗೊಳಗಾಗುತ್ತಿದೆ ಎಂಬುದೂ ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾಗುತ್ತದೆ. ಗೈಗ್ಯಾಕ್ಸ್ 1975ರಲ್ಲಿ ಒರಿಜಿನ್ಸ್ ಆಟಮೇಳದ ಸ್ಪರ್ಧೆಯಲ್ಲಿ ಆಡಿಸಿ 1978ರಲ್ಲಿ ಅಚ್ಚಿಗೆ ಕೊಟ್ಟ 'ಟೂಂಬ್ ಆಫ್ ಹಾರರ್ಸ್' ಕಾಳಗಕ್ಕಿಂತ ಬಲೆಗಳಿಗೆ ಹೆಸರಾದದ್ದು. ಓಣಿಯ ಕೊನೆಯ ಗೋಡೆಯಲ್ಲಿ ಬಾಯ್ದೆರೆದ ಹಸಿರು ಪಿಶಾಚಿಯ ಮುಖ. ಆ ಬಾಯಿಯೊಳಗೆ ಹೊಕ್ಕವನು ಹೇಳಹೆಸರಿಲ್ಲದೆ ಅಳಿಯುತ್ತಾನೆ. ಕೋಲು ತೂರಿಸಿ ನೋಡುವವನು ಬದುಕುತ್ತಾನೆ, ತಲೆ ತೂರಿಸುವವನು ಸಾಯುತ್ತಾನೆ. ಪರೀಕ್ಷೆ ಇದ್ದದ್ದು ಆಟಗಾರನ ತಲೆಗೆ. ಮುಂದೆ ಬಂದ ಆವೃತ್ತಿಗಳಲ್ಲಿ ಹುಡುಕುವ, ಗಮನಿಸುವ ಕೌಶಲಗಳು ಪಾತ್ರದ ಹಾಳೆಯ ಮೇಲೆ ಅಂಕಿಗಳಾಗಿ ಕೂತವು. 2017ರಲ್ಲಿ ಈ ಗೋರಿ ಐದನೇ ಆವೃತ್ತಿಗೂ ಅಧಿಕೃತವಾಗಿ ಬಂತು. ಆದರೆ ಯಾವ ಮೇಜಿನಲ್ಲಾದರೂ ಗೇಮ್ ಮಾಸ್ಟರ್ ವರ್ಣನೆ ಕೊಡುವ ಮೊದಲೇ ದಾಳ ಹಾಕಲು ಹೇಳಿದರೆ, ಒಂದು ಒಳ್ಳೆಯ ಸಂಖ್ಯೆ ಬಂದ ಕೂಡಲೇ ಬಲೆಯ ಗುಟ್ಟು ರಟ್ಟಾಗಿ, ಯೋಚಿಸುವ ಅಗತ್ಯವೇ ಇಲ್ಲವಾಗುತ್ತದೆ. ಇದಕ್ಕೆ ಪರಿಹಾರ ಅಂಕಿಯಲ್ಲಿಲ್ಲ, ಕ್ರಮದಲ್ಲಿದೆ. ಕಂಡದ್ದನ್ನು ಮೊದಲು ವರ್ಣಿಸಬೇಕು, ಆಟಗಾರರು ಏನು ಮಾಡುತ್ತಾರೆಂದು ಕೇಳಬೇಕು, ಆಮೇಲೂ ಅನುಮಾನ ಉಳಿದರೆ ಮಾತ್ರ ದಾಳ. ಹಾಳೆಯ ಮೇಲಿನ ಕೌಶಲ ಉತ್ತರವನ್ನೇ ಕೊಡದೆ ಒಂದು ಹೊಸ ಸುಳಿವನ್ನು ಕೊಡಬಹುದು: ಆ ಬಾಯಿಯ ಕತ್ತಲೆಯೊಳಗೆ ಪಂಜಿನ ಬೆಳಕು ಒಂದಿಷ್ಟೂ ಹಾಯುತ್ತಿಲ್ಲ ಎಂಬಂಥದ್ದು.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಅನುಭವಿಗಳದ್ದು. ಎಷ್ಟೋ ಸಾಹಸಗಳನ್ನು ಬರೀ ಅಂಕಿ ಬದಲಿಸಿ ಆಡಿಸಿದ್ದೇವೆ, ಏನೂ ಕೆಟ್ಟಿಲ್ಲ ಎನ್ನುತ್ತಾರೆ ಅವರು. ಅವರ ಮಾತು ಒಂದು ಎಲ್ಲೆಯೊಳಗೆ ಪೂರ್ತಿ ನಿಜ. 2019ರ 'ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್' 1981ರ ನಿಯಮಗಳನ್ನೇ ಅಚ್ಚುಕಟ್ಟಾಗಿ ಮರುಜೋಡಿಸಿದ ಪುಸ್ತಕ. ಅದರಲ್ಲಿ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ಸಾಹಸವನ್ನು ಹೆಚ್ಚುಕಡಿಮೆ ಇದ್ದಂತೆಯೇ ಆಡಬಹುದು. ಪೈಜೋ ಸಂಸ್ಥೆ 2007ರಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನ ಮೂರೂವರೆ ಆವೃತ್ತಿಗೆ ತಂದ 'ರೈಸ್ ಆಫ್ ದ ರೂನ್‌ಲಾರ್ಡ್ಸ್' ಸಾಹಸಮಾಲೆಯನ್ನು 2012ರಲ್ಲಿ ತನ್ನದೇ 'ಪಾತ್‌ಫೈಂಡರ್'ಗೆ ಹೊಂದಿಸಿ ಮರುಮುದ್ರಿಸಿತು. ಎರಡೂ ಒಂದೇ ಬೇರಿನವು. ಅದರಿಂದ ಗೊತ್ತಾಗುವುದು ಇಷ್ಟೇ: ಬಹುಮಾನವೂ ದಂಡವೂ ಎರಡೂ ಕಡೆ ಒಂದೇ ಆಗಿದ್ದರೆ ಇಕ್ಕಟ್ಟು ತಾನಾಗಿ ದಾಟಿಬರುತ್ತದೆ, ಅಂಕಿ ಸರಿಪಡಿಸಿದರೆ ಸಾಕು. ಬೇರು ಬೇರೆಯಾದ ಕೂಡಲೇ ಆ ಉಪಾಯ ಕೈಕೊಡುತ್ತದೆ. ಹಾಗಾಗಿ ರೂಪಾಂತರಕ್ಕೆ ಕೈಹಾಕುವವರು ಮೊದಲು ಕೇಳಬೇಕಾದ ಪ್ರಶ್ನೆ ಓಗರನ ಜೀವಾಂಕ ಎಷ್ಟು ಎಂಬುದಲ್ಲ, ಎರಡೂ ಆಟಗಳಲ್ಲಿ ಪಾತ್ರಗಳು ಯಾವುದರಿಂದ ಬೆಳೆಯುತ್ತವೆ ಎಂಬುದು.

ಎರಡನೇ ಆಕ್ಷೇಪ ಮೂಲನಿಷ್ಠರದ್ದು. ಇಷ್ಟೆಲ್ಲ ಬದಲಿಸಿದಮೇಲೆ ಅದು ಅದೇ ಸಾಹಸವಾಗಿ ಉಳಿಯುತ್ತದೆಯೇ, ಹಳೆಯದು ಬೇಕಾದವರು ಹಳೆಯ ನಿಯಮಗಳಲ್ಲೇ ಆಡಬಾರದೇ ಎಂದು ಅವರು ಕೇಳುತ್ತಾರೆ. ಆಡಬಹುದು, ಆಡಬೇಕು ಕೂಡ. ಮೂಲದ ರುಚಿ ಗೊತ್ತಿಲ್ಲದವರು ಅದನ್ನು ಸಾಗಿಸಲಾರರು. ಗುಡ್‌ಮನ್ ಗೇಮ್ಸ್ ಸಂಸ್ಥೆ 2018ರಲ್ಲಿ 'ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್' ಸಾಹಸವನ್ನು ಮರಳಿ ತಂದಾಗ ಹಳೆಯ ಮುದ್ರಣವನ್ನೂ ಐದನೇ ಆವೃತ್ತಿಯ ರೂಪಾಂತರವನ್ನೂ ಒಂದೇ ರಟ್ಟಿನೊಳಗೆ ಇಟ್ಟದ್ದು ಒಳ್ಳೆಯ ಮಾದರಿ. ಆದರೆ ಒಂದು ಮೇಜಿನವರು ವರ್ಷಗಟ್ಟಲೆ ಒಂದು ವ್ಯವಸ್ಥೆಯಲ್ಲಿ ಪಳಗಿ, ತಮ್ಮ ಪಾತ್ರಗಳನ್ನು ಅದರಲ್ಲಿ ಬೆಳೆಸಿರುತ್ತಾರೆ. ಅವರ ಕೈಗೆ ಹಳೆಯ ಸಾಹಸ ಸಿಗಬಾರದೆಂದರೆ ಅದು ಸಂಗ್ರಹಾಲಯದ ವಸ್ತುವಾಗಿ ಉಳಿಯುತ್ತದೆ. ನಿಷ್ಠೆ ಎಂಬುದನ್ನು ಅಕ್ಷರಕ್ಕೆ ಕಟ್ಟಿಹಾಕಿದರೆ ಮುಂಚೆ ನೋಡಿದಂತೆ ಓಗರನ ಕೋಣೆ ಬರೀ ಹೊಡೆದಾಟವಾಗುತ್ತದೆ. ಅಕ್ಷರ ಪೂರ್ತಿ ಉಳಿದು ಸಾಹಸವೇ ಕಳೆದುಹೋಗುತ್ತದೆ. ಎಲ್ಲವನ್ನೂ ಬದಲಿಸಿರೆಂದು ನಾನು ಹೇಳುತ್ತಿಲ್ಲ. ನಕ್ಷೆ, ಗುಟ್ಟಿನ ಬಾಗಿಲು, ಜನಾಂಗಗಳ ಹಗೆ, ಕೂಲಿಯ ಚೀಲ ಇವು ಇದ್ದಲ್ಲೇ ಇರಲಿ. ಬದಲಾಗಬೇಕಾದದ್ದು ಅವುಗಳಿಗೆ ಕಟ್ಟಿದ ಬೆಲೆ.

ಮೂರನೆಯದು ಸಮಯದ ಆಕ್ಷೇಪ, ಮತ್ತು ಅದು ಹಗುರವಾದದ್ದಲ್ಲ. ಗೇಮ್ ಮಾಸ್ಟರ್‌ಗಳಲ್ಲಿ ಬಹುಪಾಲು ಮಂದಿ ಕೆಲಸ, ಮನೆ ನೋಡಿಕೊಂಡು ವಾರಾಂತ್ಯಕ್ಕೆ ಆಟ ಸಿದ್ಧಮಾಡುವವರು. ಹನ್ನೊಂದು ಗುಹೆಗಳ ಪ್ರತಿ ಕೋಣೆಗೂ ಇಷ್ಟು ಯೋಚಿಸಲು ಬಿಡುವೆಲ್ಲಿ? ಆದರೆ ಪ್ರತಿ ಕೋಣೆಯಲ್ಲೂ ಇಕ್ಕಟ್ಟಿರುವುದಿಲ್ಲ. ಬರಿದಾದ ಉಗ್ರಾಣಕ್ಕೆ, ಮಲಗುವ ಚಾಪೆಗಳಿರುವ ಗುಹೆಗೆ ಹೊಸ ಪುಸ್ತಕದಿಂದ ಅಂಕಿಗಳನ್ನು ಎತ್ತಿಕೊಂಡರೆ ಸಾಕು. ಪುಸ್ತಕವನ್ನು ಒಮ್ಮೆ ಪೂರ್ತಿ ಓದಿ, ಆಟಗಾರರು ನಿಂತು ಚರ್ಚೆ ಮಾಡಬೇಕಾಗಿ ಬರುವ ನಾಲ್ಕೈದು ಜಾಗಗಳನ್ನು ಗುರುತಿಸಬೇಕು. ಅಂಥ ಒಂದೊಂದಕ್ಕೂ ಮೂರು ಸಾಲು ಬರೆದುಕೊಳ್ಳಬೇಕು: ಇಲ್ಲಿ ಅವರು ಯಾವುದನ್ನು ಕಳೆದುಕೊಳ್ಳುವ ಭಯದಲ್ಲಿದ್ದಾರೆ, ಯಾವುದರ ಆಸೆಯಲ್ಲಿದ್ದಾರೆ, ನಮ್ಮ ವ್ಯವಸ್ಥೆಯಲ್ಲಿ ಆ ಎರಡಕ್ಕೆ ಹೆಸರೇನು. ಬರೀ ಅಂಕಿಗಳ ದಾರಿಯಲ್ಲಿ ಹೊರಟವರು ನೂರಾರು ಶತ್ರುಗಳ ಲೆಕ್ಕವನ್ನು ಒಂದೊಂದಾಗಿ ಹೊಂದಿಸುತ್ತಾ ಸುಸ್ತಾಗುತ್ತಾರೆ. ಈ ದಾರಿಯಲ್ಲಿ ಶ್ರಮ ಕಡಿಮೆ. ಜತೆಗೆ ಆಟಗಾರರು ಅನಿರೀಕ್ಷಿತವಾಗಿ ನಡೆದುಕೊಂಡಾಗ ಗೇಮ್ ಮಾಸ್ಟರ್ ಕಂಗಾಲಾಗುವುದಿಲ್ಲ, ಏಕೆಂದರೆ ಆ ಕೋಣೆ ಏತಕ್ಕಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಕನ್ನಡದಲ್ಲಿ ಆಡಬಯಸುವವರಿಗೆ ಈ ವಿವೇಚನೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2023ರ ಜನವರಿಯಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನ ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಐದನೇ ಆವೃತ್ತಿಯ ಮೂಲ ನಿಯಮಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಕನ್ನಡಕ್ಕೆ ತಂದು ಪ್ರಕಟಿಸಲೂಬಹುದು. ಸಾಹಸದ ಪುಸ್ತಕಗಳಿಗೆ ಆ ಸ್ವಾತಂತ್ರ್ಯವಿಲ್ಲ; ನಮ್ಮ ಮೇಜಿಗೆ ಹೊಂದಿಸಿಕೊಂಡು ಆಡಲು ಅಡ್ಡಿಯಿಲ್ಲ, ಅಚ್ಚುಮಾಡಿ ಮಾರಲು ಅನುಮತಿ ಬೇಕು. ಅಂದರೆ ನಿಯಮಗಳು ಕೈಯಲ್ಲಿವೆ, ಸಾಹಸಗಳನ್ನು ನಾವೇ ಬರೆಯಬೇಕು. ಅದಕ್ಕೆ ಹಳೆಯ ಸಾಹಸವೊಂದನ್ನು ಬಿಚ್ಚಿ ಬೇರೆ ವ್ಯವಸ್ಥೆಯಲ್ಲಿ ಮತ್ತೆ ಕಟ್ಟಿ ನೋಡುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಹಾಗೆ ಒಮ್ಮೆ ಕಟ್ಟಿದವರು, ಮುಂದೆ ತಮ್ಮದೇ ಗುಹೆಯನ್ನು ಬರೆಯಲು ಕೂತಾಗ, ಎಷ್ಟು ದೈತ್ಯರನ್ನು ತುಂಬಬೇಕೆಂದು ಎಣಿಸುತ್ತಾ ಕೂರುವುದಿಲ್ಲ. ಒಳಗೆ ಬಂದವರು ಯಾವುದಕ್ಕಾಗಿ ಯಾವುದನ್ನು ಬಿಟ್ಟುಕೊಡಬೇಕಾದೀತು ಎಂಬಲ್ಲಿಂದಲೇ ಅವರು ಬರವಣಿಗೆ ಆರಂಭಿಸುತ್ತಾರೆ. ಹಾಗೆ ಬರೆದ ಸಾಹಸವನ್ನು ನಾಳೆ ಇನ್ಯಾವ ನಿಯಮಪುಸ್ತಕ ಬಂದರೂ ಅದಕ್ಕೆ ಹೊಂದಿಸಿ ಆಡಬಹುದು.